ಲೆಂಬೆಯ ಒಂದು ಡೈವ್ ರೆಸಾರ್ಟ್: ಕಪ್ಪು ಮರಳಿನಲ್ಲಿ ಏಳು ರಾತ್ರಿ, ಹದಿನೆಂಟು ಡೈವ್

ಮೊದಲೇ ಹೇಳಿಬಿಡುತ್ತೇನೆ, ಈ ಜಾಗ ನೋಡೋಕೆ ಚೆನ್ನಾಗಿಲ್ಲ. ನೀರಿಗೆ ಇಳಿದರೆ ಕೆಳಗೆ ಬರೀ ಕಪ್ಪು ಮರಳು. ಅಲ್ಲೊಂದು ಹಳೇ ಟೈರು, ಇಲ್ಲೊಂದು ಬಿಯರ್ ಬಾಟಲಿ, ಯಾವುದೋ ಹಡಗಿನವರು ಎಸೆದ ಹಗ್ಗ. ನಮ್ಮ ಭಾವ ಮೊದಲ ಡೈವ್ ಮುಗಿಸಿ ದೋಣಿ ಹತ್ತಿ, ಬಾಯಿಂದ ಉಸಿರಾಟದ ರೆಗ್ಯುಲೇಟರ್ ತೆಗೆದು ಆಡಿದ ಮೊದಲ ಮಾತು: "ಏನಯ್ಯಾ, ಕಸ ನೋಡೋಕೆ ಎರಡು ಲಕ್ಷ ಖರ್ಚು ಮಾಡ್ಕೊಂಡು ಇಲ್ಲಿತನಕ ಬರಬೇಕಿತ್ತಾ? ಕೆ.ಆರ್. ಮಾರ್ಕೆಟ್‌ಗೆ ಹೋಗಿದ್ರೆ ಆಟೋ ಚಾರ್ಜಲ್ಲೇ ಮುಗೀತಿತ್ತು."

ನಾನು ಮಾತಾಡಲಿಲ್ಲ. ಕ್ಯಾಮೆರಾ ಸ್ಕ್ರೀನ್ ತೋರಿಸಿದೆ. ಅದರಲ್ಲಿ ಮೈ ತುಂಬ ಕೂದಲಿನ ಹಾಗೆ ಎಳೆ ಎಳೆ ಇರುವ, ಬಾಯಿ ಜೋತುಹಾಕಿಕೊಂಡು ಕೂತ ಒಂದು ಮೀನು. ಹೇರಿ ಫ್ರಾಗ್‌ಫಿಶ್. "ಇದೆಲ್ಲಿತ್ತು?" ಅಂದರು. "ನಿಮ್ಮ ಮೊಣಕಾಲ ಪಕ್ಕದಲ್ಲೇ ಇತ್ತು ಭಾವ, ಪಾಚಿ ಅಂದ್ಕೊಂಡು ಹತ್ತು ನಿಮಿಷ ನೋಡ್ತಾ ಇದ್ರಲ್ಲ, ಅದೇ." ಭಾವ ಸುಮ್ಮನಾದರು.

ಲೆಂಬೆ ಅಂದ್ರೆ ಇದೇ. ಇಂಡೋನೇಷ್ಯಾದ ಉತ್ತರ ಸುಲವೇಸಿಯಲ್ಲಿ, ಬಿಟುಂಗ್ ಬಂದರಿಗೂ ಎದುರಿನ ಲೆಂಬೆ ದ್ವೀಪಕ್ಕೂ ನಡುವೆ ಇರುವ ಸಣ್ಣ ಜಲಸಂಧಿ. ಉದ್ದ ಸುಮಾರು 16 ಕಿ.ಮೀ., ಅಗಲ ಒಂದೆರಡು ಕಿ.ಮೀ. ಸುತ್ತ ಜ್ವಾಲಾಮುಖಿ ಬೆಟ್ಟಗಳು, ಅದಕ್ಕೇ ಮರಳು ಕಪ್ಪು. ಹವಳದ ತೋಟ, ದೊಡ್ಡ ಶಾರ್ಕು, ನೀಲಿ ನೀರು ಬೇಕು ಅನ್ನೋರು ಇಲ್ಲಿಗೆ ಬರಲೇಬೇಡಿ. ಉಗುರಿನಷ್ಟು ಸಣ್ಣ ಜೀವಿಗಳ ಫೋಟೋ ತೆಗೆಯುವ ಹುಚ್ಚು ಇದ್ದರೆ ಮಾತ್ರ ಬನ್ನಿ. ಈ ತರಹದ ಕೆಸರು-ಮರಳಿನ ಡೈವಿಂಗ್‌ಗೆ ಮಕ್ ಡೈವಿಂಗ್ ಅಂತ ಹೆಸರು. ಹೆಸರು ಬಂದಿದ್ದು ಪಪುವಾ ನ್ಯೂಗಿನಿಯ ಮಿಲ್ನ್ ಬೇ ಕಡೆಯಿಂದ, ಆದರೆ ಈಗ ಅದರ ರಾಜಧಾನಿ ಅಂತ ಎಲ್ಲರೂ ಕರೆಯೋದು ಲೆಂಬೆಯನ್ನೇ.

ನಾವಿದ್ದ ರೆಸಾರ್ಟಿನ ಹೆಸರು ಇಲ್ಲಿ ಹಾಕುತ್ತಿಲ್ಲ. ಹೊಗಳೋದೂ ಇದೆ, ಬೈಯೋದೂ ಇದೆ, ಒಬ್ಬನ ಒಂದು ವಾರದ ಅನುಭವದಿಂದ ಯಾರ ಹೊಟ್ಟೆ ಮೇಲೂ ಹೊಡೆಯೋದು ಬೇಡ. ಆ ತೀರದಲ್ಲಿ ಇಂಥ ರೆಸಾರ್ಟು ಬೇಕಾದಷ್ಟಿವೆ, ನಮ್ಮದು ಮಧ್ಯಮ ದರದ್ದು. ಏನು ಕೇಳಿ ಬುಕ್ ಮಾಡಬೇಕು ಅನ್ನೋದು ನಿಮಗೆ ಗೊತ್ತಾದರೆ ಸಾಕು.

ಕೇಳಬೇಕಾದ ಮೊದಲನೇ ಪ್ರಶ್ನೆ, ಒಬ್ಬ ಗೈಡಿಗೆ ಎಷ್ಟು ಜನ? ಎರಡನೇ ಪ್ರಶ್ನೆಯೂ ಅದೇ, ಇನ್ನೊಂದು ಸಲ ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ. ನಮಗೆ ಇ-ಮೇಲಿನಲ್ಲಿ ಹೇಳಿದ್ದು ಒಬ್ಬ ಗೈಡಿಗೆ ಇಬ್ಬರು ಅಂತ. ಮೊದಲ ದಿನ ದೋಣಿಯಲ್ಲಿ ನೋಡಿದರೆ ನಮ್ಮ ಜೊತೆ ಇನ್ನೂ ಇಬ್ಬರು, ಇಬ್ಬರ ಕೈಯಲ್ಲೂ ಕುಕ್ಕರ್ ಗಾತ್ರದ ಕ್ಯಾಮೆರಾ. ಬೇರೆ ಕಡೆ ನಾಲ್ಕು ಜನ ಏನೂ ಜಾಸ್ತಿಯಲ್ಲ. ಇಲ್ಲಿ ಜಾಸ್ತಿ. ಗೈಡ್ ಒಂದು ಸೆಂಟಿಮೀಟರಿನ ಸೀಗಡಿ ಹುಡುಕಿ ಕೊಟ್ಟರೆ ನಾಲ್ಕು ಜನ ಕ್ಯೂ ನಿಲ್ಲಬೇಕು, ರೇಷನ್ ಅಂಗಡಿ ಮುಂದೆ ನಿಂತ ಹಾಗೆ, ಅದೂ ಸಿಲಿಂಡರಿನ ಗಾಳಿ ಖಾಲಿ ಮಾಡಿಕೊಳ್ಳುತ್ತಾ. ಮೊದಲನೆಯವನಿಗೆ ಚೆನ್ನಾದ ಫೋಟೋ. ನಾಲ್ಕನೆಯವನ ಹೊತ್ತಿಗೆ ಸೀಗಡಿಗೂ ಬೇಜಾರು, ನೀರೆಲ್ಲ ಕದಡು. ನಾನು ಮೂರನೆಯವನಾಗಿದ್ದೆ.

ಸಂಜೆ ಡೈವ್ ಆಫೀಸಿಗೆ ಹೋಗಿ ಇ-ಮೇಲ್ ತೋರಿಸಿದೆ. ಜಗಳ ಆಡಲಿಲ್ಲ, ತೋರಿಸಿದೆ ಅಷ್ಟೇ. ಮಾರನೇ ದಿನದಿಂದ ನಮ್ಮಿಬ್ಬರಿಗೇ ಒಬ್ಬ ಗೈಡ್ ಸಿಕ್ಕ. ಕ್ಷಮೆ ಕೇಳಿದರು, ಒಂದು ಡೈವಿನ ದುಡ್ಡೂ ಕಡಿಮೆ ಮಾಡಿದರು. ಆದರೆ ಬಾಯಿ ಬಿಡದೇ ಇದ್ದಿದ್ದರೆ ವಾರವಿಡೀ ಕ್ಯೂನಲ್ಲೇ ಇರುತ್ತಿದ್ದೆವು ಅಂತ ನನ್ನ ಅನುಮಾನ.

ಆ ಗೈಡಿನ ಬಗ್ಗೆ ಎಷ್ಟು ಬರೆದರೂ ಸಾಲದು. ಬಿಟುಂಗಿನ ಹುಡುಗ, ಮಾತು ಕಮ್ಮಿ, ನೀರಿನೊಳಗೆ ಕಬ್ಬಿಣದ ಕಡ್ಡಿಯಿಂದ ಸಿಲಿಂಡರ್ ಮೇಲೆ ಟಣ್ ಟಣ್ ಅಂತ ಎರಡು ಸಲ ಬಡಿದರೆ ಬಾ ಅಂತ ಅರ್ಥ, ಬಿಡದೇ ಬಡಿದರೆ ಬೇಗ ಬಾ ಅಂತ. ಹೋಗಿ ನೋಡಿದರೆ ಏನೂ ಇಲ್ಲ. ಬೀಸಣಿಗೆಯ ಹಾಗೆ ಹರಡಿದ ಒಂದು ಸೀ ಫ್ಯಾನ್ ಹವಳ, ಅದರ ಮೇಲೆ ಗುಲಾಬಿ ಬಣ್ಣದ ಗಂಟು ಗಂಟು. ಕಡ್ಡಿಯ ತುದಿ ತೋರಿಸಿದ ಕಡೆಯೇ ದಿಟ್ಟಿಸಿ ನೋಡಿದಾಗ ಒಂದು ಗಂಟು ತಲೆ ತಿರುಗಿಸಿತು. ಪಿಗ್ಮಿ ಕಡಲ್ಗುದುರೆ! ದೊಡ್ಡದಾದರೂ ಎರಡು ಸೆಂಟಿಮೀಟರಿನ ಆಸುಪಾಸು. ಈ ಜಾತಿ ಇದೆ ಅನ್ನೋದೇ ಮನುಷ್ಯರಿಗೆ ಗೊತ್ತಾಗಿದ್ದು 1969ರಲ್ಲಿ, ಅದೂ ನ್ಯೂ ಕ್ಯಾಲಿಡೋನಿಯಾದಲ್ಲಿ ಒಬ್ಬರು ಅಕ್ವೇರಿಯಂಗೆ ಅಂತ ತಂದ ಸೀ ಫ್ಯಾನನ್ನು ಪರೀಕ್ಷೆ ಮಾಡುವಾಗ ಅದರ ಮೇಲೆ ಇವು ಕಂಡಿದ್ದರಿಂದ. ಅಲ್ಲಿತನಕ ಎಲ್ಲರ ಕಣ್ಣಿಗೂ ಅದು ಗಂಟೇ.

ಇನ್ನೊಂದು ಪಿಗ್ಮಿ ಜಾತಿಗೆ ಪೊಂಟೊಹಿ ಅಂತ ಹೆಸರು. ಅದನ್ನು ವಿಜ್ಞಾನಿಗಳ ಗಮನಕ್ಕೆ ತಂದವರು ಇದೇ ಉತ್ತರ ಸುಲವೇಸಿಯ ಡೈವ್ ಗೈಡ್ ಹೆನ್ಸೆ ಪೊಂಟೊಹ್, 2008ರಲ್ಲಿ ಅವರ ಹೆಸರನ್ನೇ ಇಟ್ಟರು. ನಮ್ಮ ಗೈಡ್ ಇದನ್ನು ಹೇಳುವಾಗ ಎದೆ ಉಬ್ಬಿಸಿಕೊಂಡೇ ಹೇಳಿದ. ಉಬ್ಬಬೇಕಾದ್ದೇ ಅಲ್ವಾ. ನಾನು ಆರು ತಿಂಗಳು ಯಾವ ಕ್ಯಾಮೆರಾ, ಯಾವ ಸ್ಟ್ರೋಬ್ (ಅಂದರೆ ನೀರೊಳಗಿನ ಫ್ಲ್ಯಾಶ್), ಯಾವ ಲೆನ್ಸ್ ಅಂತ ರಾತ್ರಿಯೆಲ್ಲ ವಿಡಿಯೋ ನೋಡಿದ್ದೆ. ಇಲ್ಲಿ ಬಂದು ಗೊತ್ತಾಗಿದ್ದು, ನನ್ನ ಒಳ್ಳೆಯ ಫೋಟೋಗಳಲ್ಲಿ ಹತ್ತಕ್ಕೆ ಒಂಬತ್ತು ಅವನ ಕಣ್ಣಿನಿಂದ ಬಂದವು. ಅದಕ್ಕೇ ಹೇಳೋದು, ರೂಮಿಗೆ ಸಮುದ್ರ ಕಾಣುತ್ತಾ ಅಂತ ಕೇಳುವ ಬದಲು ಗೈಡಿಗೆ ಎಷ್ಟು ವರ್ಷದ ಅನುಭವ ಅಂತ ಕೇಳಿ.

ಮೂರನೇ ದಿನ ವಂಡರ್‌ಪಸ್ ಆಕ್ಟೋಪಸ್ ಸಿಕ್ಕಿತು. ಅದರ ವೈಜ್ಞಾನಿಕ ಹೆಸರಿನಲ್ಲೇ ಫೋಟೋಜೆನಿಕಸ್ ಅಂತಿದೆ, 2006ರಲ್ಲಿ ಇಟ್ಟಿದ್ದು, ಇಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು. ಮಿಮಿಕ್ ಆಕ್ಟೋಪಸ್ ಕೊನೇ ದಿನದ ತನಕ ಕಾಯಿಸಿತು. 1998ರಲ್ಲಿ ಸುಲವೇಸಿಯ ಕಡಲಲ್ಲೇ ಮೊದಲು ಕಂಡ ಪ್ರಾಣಿ ಇದು, ಬೇರೆ ಜೀವಿಗಳ ವೇಷ ಹಾಕೋದರಲ್ಲಿ ನಿಸ್ಸೀಮ. ನಮ್ಮ ಮುಂದೆ ಕೈಗಳನ್ನೆಲ್ಲ ಹಿಂದಕ್ಕೆ ಸೇರಿಸಿ, ಚಪ್ಪಟೆಯಾಗಿ ನಂಗು ಮೀನಿನ ಹಾಗೆ ಮರಳಿನ ಮೇಲೆ ತೇಲಿಕೊಂಡು ಹೋಯಿತು. ನನ್ನ ಫೋಟೋ ಕೆಟ್ಟಿತು, ಪರವಾಗಿಲ್ಲ. ಫ್ಲಾಂಬಾಯಂಟ್ ಕಟಲ್‌ಫಿಶ್ ಅಂತೂ, ನಮ್ಮ ಮಂಗಳೂರಿನ ಬೊಂಡಾಸ್ ಬಳಗದ್ದೇ, ಕಾಲು ಇದ್ದ ಹಾಗೆ ಮರಳ ಮೇಲೆ ನಡೆಯುತ್ತೆ, ಮೈಮೇಲೆ ಹಳದಿ ನೇರಳೆ ಬಣ್ಣ ಅಲೆಅಲೆಯಾಗಿ ಹರಿಯುತ್ತೆ. ಇಪ್ಪತ್ತು ನಿಮಿಷ ಅದರ ಮುಂದೆಯೇ ಇದ್ದೆ. ನ್ಯೂಡಿಬ್ರಾಂಕ್‌ಗಳು, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳುಗಳು, ಲೆಕ್ಕ ಇಡೋದನ್ನೇ ಬಿಟ್ಟೆ. ಬ್ಲೂ ರಿಂಗ್ಡ್ ಆಕ್ಟೋಪಸ್ ಕಂಡಾಗ ಮಾತ್ರ ಗೈಡ್ ಕೈ ಅಡ್ಡ ಹಿಡಿದು ದೂರ ನಿಲ್ಲಿಸಿದ. ಅದರ ವಿಷಕ್ಕೆ ಮದ್ದಿಲ್ಲ.

ನನ್ನ ಸಾಮಾನು ದೊಡ್ಡದೇನಲ್ಲ. ಒಲಿಂಪಸ್ ಟಿಜಿ-6 ಅನ್ನೋ ಪುಟ್ಟ ಕ್ಯಾಮೆರಾ, ಅದರ ಪಿಟಿ-059 ಹೌಸಿಂಗ್ (ನೀರು ಹೋಗದ ಕವಚ), ಒಂದು ಸ್ಟ್ರೋಬ್, ಒಂದು ಫೋಕಸ್ ಲೈಟ್. ಈಗ ಓಎಂ ಸಿಸ್ಟಂ ಹೆಸರಲ್ಲಿ 2023ರ ಟಿಜಿ-7 ಇದೆ, ಅದಕ್ಕೂ ಇದೇ ಹೌಸಿಂಗ್ ಕೂರುತ್ತೆ. ಇದರ ಮೈಕ್ರೋಸ್ಕೋಪ್ ಮೋಡ್ ಲೆನ್ಸಿನಿಂದ ಒಂದು ಸೆಂಟಿಮೀಟರ್ ದೂರದ ತನಕ ಫೋಕಸ್ ಮಾಡುತ್ತೆ. ಸೆನ್ಸರ್ ಸಣ್ಣದು, ಅದರಿಂದ ಒಂದು ಲಾಭ: ಫೋಕಸ್‌ನ ಆಳ ಜಾಸ್ತಿ, ಹೊಸಬರಿಗೆ ಕಣ್ಣು ಶಾರ್ಪಾಗಿ ಸಿಗೋದು ಸುಲಭ. ಒಂದು ಸೆಂಟಿಮೀಟರ್ ಆಗುತ್ತೆ ಅಂತ ಮೂತಿಗೇ ಹೋಗಿ ಒತ್ತಬೇಡಿ ಮತ್ತೆ. ಹೌಸಿಂಗಿನ ನೆರಳು ಬಿದ್ದು ಸ್ಟ್ರೋಬಿನ ಬೆಳಕೇ ತಲುಪೋದಿಲ್ಲ, ಪ್ರಾಣಿಯೂ ಓಡುತ್ತೆ. ಸ್ವಲ್ಪ ಹಿಂದೆ ಸರಿದು ಜೂಮ್ ಮಾಡಿ.

ಕ್ಯಾಮೆರಾ ರೂಮಿನಲ್ಲಿ ಬೇರೆಯವರ ಹತ್ತಿರ ಇದ್ದದ್ದು ಲೆನ್ಸ್ ಬದಲಾಯಿಸುವ ಮಿರರ್‌ಲೆಸ್ ಕ್ಯಾಮೆರಾ, ಮ್ಯಾಕ್ರೋಗೆ, ಅಂದರೆ ಸಣ್ಣ ಜೀವಿಗಳನ್ನು ಹತ್ತಿರದಿಂದ ತೆಗೆಯೋಕೆ, 60, 90 ಇಲ್ಲಾ 105 ಎಂಎಂ ಲೆನ್ಸು, ಮುಂದೆ ಸಿಕ್ಕಿಸುವ ಕ್ಲೋಸಪ್ ವೆಟ್ ಲೆನ್ಸು, ಸ್ಟ್ರೋಬಿನ ಮೂತಿಗೆ ಬೆಳಕನ್ನು ಕಿರಿದು ಮಾಡುವ ಸ್ನೂಟ್. ಎಫ್ 22, ಸೆಕೆಂಡಿನ 200ನೇ ಒಂದು ಭಾಗ, ಐಎಸ್‌ಒ 100 ಇಟ್ಟು ಅವರು ಹಿನ್ನೆಲೆಯನ್ನು ಕಾಡಿಗೆ ಕಪ್ಪು ಮಾಡಿ ತೆಗೆದ ಫೋಟೋ ನೋಡಿದರೆ ಹೊಟ್ಟೆ ಉರಿಯುತ್ತೆ. ಆದರೆ ಆ ಪೆಟ್ಟಿಗೆಗಳ ತೂಕ, ಏರ್‌ಪೋರ್ಟಿನ ಲಗೇಜ್ ಚಾರ್ಜು ಕೇಳಿದ ಮೇಲೆ ಉರಿ ಸ್ವಲ್ಪ ಆರುತ್ತೆ.

ಹೌಸಿಂಗ್ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾಲ್ಕನೇ ದಿನ ಮಧ್ಯಾಹ್ನ ಊಟ ಮುಗಿಸಿ ಅವಸರದಲ್ಲಿ ಬ್ಯಾಟರಿ ಬದಲಾಯಿಸಿದೆ, ನೀರು ಒಳಗೆ ಬಾರದ ಹಾಗೆ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್ ಮೇಲೆ ಒಂದು ತಲೆಕೂದಲು ಸಿಕ್ಕಿಕೊಂಡಿತ್ತು, ನೋಡಲಿಲ್ಲ. ನೀರಿಗೆ ಇಳಿದು ನಾಲ್ಕೈದು ಮೀಟರಿಗೆ ಹೌಸಿಂಗಿನೊಳಗೆ ಹನಿ ಕಂಡಿತು, ಮೇಲೆ ಬಂದಾಗ ಎರಡು ಚಮಚ ನೀರು. ಟಿಜಿ-6 ಹೌಸಿಂಗ್ ಇಲ್ಲದೆಯೂ 15 ಮೀಟರ್ ತಡೆಯುವ ಕ್ಯಾಮೆರಾ, ಅದಕ್ಕೇ ಉಳಿಯಿತು. ಬೇರೆ ಕ್ಯಾಮೆರಾ ಆಗಿದ್ದರೆ ಆವತ್ತೇ ಪ್ರವಾಸದ ಕಥೆ ಮುಗೀತಿತ್ತು. ಓ-ರಿಂಗ್ ಹಾಕೋದು ಬೆಳಿಗ್ಗೆ ಎದ್ದ ಕೂಡಲೇ, ಯಾರೂ ಮಾತಾಡಿಸದ ಹೊತ್ತಿನಲ್ಲಿ. ಟವೆಲ್ಲಿನ ಹತ್ತಿರವಂತೂ ಅಲ್ಲ.

ಇನ್ನು ರೆಸಾರ್ಟಿನ ಕ್ಯಾಮೆರಾ ರೂಮು. ಮೇಜು ದೊಡ್ಡದಿದೆ, ಬೆಳಕು ಚೆನ್ನಾಗಿದೆ, ಆದರೆ ಎಂಟು ಜನಕ್ಕೆ ಚಾರ್ಜಿಂಗ್ ಪಾಯಿಂಟ್ ಆರು. ಅಲ್ಲಿನ ಸಾಕೆಟ್ಟಿಗೆ ನಮ್ಮ ದುಂಡು ಎರಡು ಪಿನ್ನಿನ ಚಾರ್ಜರ್ ಹೋಗುತ್ತೆ, ಮೂರು ಪಿನ್ನಿನದು ಹೋಗೋದಿಲ್ಲ. ಒಂದು ಅಡಾಪ್ಟರು, ಒಂದು ಎಕ್ಸ್‌ಟೆನ್ಶನ್ ಬೋರ್ಡು ಇಟ್ಟುಕೊಳ್ಳಿ, ರೂಮಿನಲ್ಲಿ ಸ್ನೇಹಿತರು ತಾವಾಗೇ ಆಗ್ತಾರೆ. ನನಗೆ ಸಿಟ್ಟು ಬಂದಿದ್ದು ಕ್ಯಾಮೆರಾ ತೊಳೆಯುವ ಸಿಹಿನೀರಿನ ತೊಟ್ಟಿ ನೋಡಿ. ಅದಕ್ಕೇ ಮಾಸ್ಕನ್ನೂ ಅದ್ದುತ್ತಾರೆ, ಬೂಟನ್ನೂ ಅದ್ದುತ್ತಾರೆ, ಒಂದರ ಮೇಲೊಂದು ಕ್ಯಾಮೆರಾ ಎಸೆದ ಹಾಗೆ ಇಡುತ್ತಾರೆ. ಎರಡು ದಿನ ನೋಡಿ, ಆಮೇಲೆ ರೂಮಿನ ಬಕೆಟ್ಟೇ ತಂದು ನನ್ನದು ಬೇರೆ ತೊಳೆದೆ. ಸ್ನಾನಕ್ಕೆ ಮಗ್ಗು ಸಾಕಾಯಿತು.

ಇನ್ನೊಂದು ದೂರು, ನೈಟ್ರಾಕ್ಸ್ ದರ. ಆಮ್ಲಜನಕ ಜಾಸ್ತಿ ಇರುವ ಗಾಳಿ ಅದು, ದಿನಕ್ಕೆ ಮೂರು ಡೈವ್, ಒಂದೊಂದೂ ಒಂದು ಗಂಟೆ ಮೇಲೆ ಮಾಡೋರಿಗೆ ಒಳ್ಳೆಯದೇ. ಒಂದು ಸಿಲಿಂಡರಿಗೆ ಇಷ್ಟು ಅಂತ ಪ್ರತ್ಯೇಕ ಚಾರ್ಜು ಇದೆ ಅನ್ನೋದು ಗೊತ್ತಾಗಿದ್ದು ಹೊರಡುವ ದಿನ ಬಿಲ್ಲಿನಲ್ಲಿ. ಇಬ್ಬರದೂ ಸೇರಿ ಇಪ್ಪತ್ತನಾಲ್ಕು ಸಾವಿರ. ಮೊದಲೇ ಕೇಳದ ತಪ್ಪು ನಮ್ಮದೂ ಹೌದು, ಆದರೆ ಅವರೂ ಹೇಳಬಹುದಿತ್ತು.

ದೋಣಿ, ಸಮಯಪಾಲನೆ, ಸುರಕ್ಷತೆ, ಈ ಮೂರಕ್ಕೆ ಪೂರ್ತಿ ಅಂಕ. ಯಾವ ಡೈವ್ ಸೈಟಿಗೂ ಹದಿನೈದು ನಿಮಿಷಕ್ಕಿಂತ ಜಾಸ್ತಿ ದೂರ ಇರಲಿಲ್ಲ. ಹೇರ್‌ಬಾಲ್, ಜಾಹಿರ್, ಪೊಲೀಸ್ ಪಿಯರ್, ನ್ಯೂಡಿ ಫಾಲ್ಸ್, ಎಲ್ಲ ಕೂಗಳತೆ. ಪ್ರತಿ ಡೈವ್ ಆದಮೇಲೂ ವಾಪಸ್ ಬಂದು ಬಿಸಿ ಶುಂಠಿ ಕಷಾಯ, ಬಾಳೆಹಣ್ಣಿನ ಬಜ್ಜಿ. ಬಜ್ಜಿಗೆ ಸಾಂಬಾಲ್ ಅನ್ನೋ ಖಾರದ ಚಟ್ನಿ ಹಚ್ಚಿಕೊಂಡು ತಿನ್ನೋದು ಹತ್ತಿರದ ದೊಡ್ಡ ಊರು ಮನಾಡೊ ಕಡೆಯ ಪದ್ಧತಿ, ಮೊದಲು ವಿಚಿತ್ರ ಅನಿಸಿತು, ಆಮೇಲೆ ತಟ್ಟೆ ಬಿಡಲಿಲ್ಲ. ಸಸ್ಯಾಹಾರಿ ಭಾವನಿಗೆ ಟಿನುಟುವಾನ್ ಅನ್ನೋ ಗಂಜಿ ಕೈ ಹಿಡಿಯಿತು. ಅಕ್ಕಿ, ಸಿಹಿಗುಂಬಳ, ಜೋಳ, ಸೊಪ್ಪು ಹಾಕಿ ಬೇಯಿಸಿದ್ದು, ಉಪ್ಪು ಮೀನು ಪಕ್ಕದಲ್ಲಿ ಬೇರೆ ಕೊಡುತ್ತಾರೆ, ಬೇಡ ಅಂದರಾಯಿತು. ಟೊಮೇಟೊ, ಈರುಳ್ಳಿ, ಹಸಿಮೆಣಸು ಹೆಚ್ಚಿ ನಿಂಬೆ ಹಿಂಡಿದ ದಾಬು-ದಾಬು ಜೊತೆಗಿದ್ದರೆ ಮನೆಯ ಹಸಿ ಗೊಜ್ಜಿನ ನೆನಪು. ಆದರೂ ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬ ನಾಲ್ಕನೇ ದಿನಕ್ಕೇ ಖಾಲಿ.

ಯಾವಾಗ ಹೋಗಬೇಕು? ವರ್ಷವಿಡೀ ಡೈವ್ ಮಾಡಬಹುದು. ಪ್ರಾಣಿಗಳು ಜಾಸ್ತಿ ಅಂತ ಜುಲೈಯಿಂದ ಸೆಪ್ಟೆಂಬರ್ ತನಕ ಜನ ಇಷ್ಟಪಡುತ್ತಾರೆ, ನಾವೂ ಆಗಸ್ಟಿನಲ್ಲಿ ಹೋದೆವು. ನಮಗೆ ಇನ್ನೊಂದು ಅನುಕೂಲ, ಆ ತಿಂಗಳುಗಳಲ್ಲಿ ಮುರುಡೇಶ್ವರದ ನೇತ್ರಾಣಿ ಮಳೆಗೆ ಮುಚ್ಚಿರುತ್ತೆ. ಆದರೆ ಅದೇ ಸಮಯದಲ್ಲಿ ಲೆಂಬೆಯ ನೀರು ತಣ್ಣಗೆ, 25-26 ಡಿಗ್ರಿ. ಕೇಳೋಕೆ ಏನೂ ಅಲ್ಲ ಅನಿಸುತ್ತೆ. ಆದರೆ ಮ್ಯಾಕ್ರೋದಲ್ಲಿ ಈಜೋದೇ ಇಲ್ಲ, ಒಂದೇ ಕಡೆ ಒಂದು ಗಂಟೆ ಕಲ್ಲಿನ ಹಾಗೆ ಇರಬೇಕು. ನಾನು 5 ಎಂಎಂ ದಪ್ಪದ ಡೈವಿಂಗ್ ಸೂಟು ತಂದಿದ್ದೆ. ಭಾವ "ಬಿಸಿಲ ದೇಶ ಕಣಯ್ಯ" ಅಂತ 3 ಎಂಎಂ ತಂದು ಎರಡನೇ ದಿನ ಹಲ್ಲು ಕಟಕಟ ಅನ್ನಿಸುತ್ತಾ ರೆಸಾರ್ಟಿನಿಂದ ತಲೆಗವಸಿನ ಜಾಕೆಟ್ ಬಾಡಿಗೆಗೆ ತಗೊಂಡರು.

ಹೋಗೋ ಮುಂಚೆ ಕಲಿಯಬೇಕಾದ್ದು ಕ್ಯಾಮೆರಾ ಅಲ್ಲ, ತೇಲೋದು. ಕೆಳಗಿನ ಮರಳು ಎಷ್ಟು ನುಣುಪು ಅಂದ್ರೆ, ಕಾಲಿಗೆ ಹಾಕಿದ ಫಿನ್ ಒಂದು ಸಲ ತಪ್ಪಾಗಿ ಬಡಿದರೆ ರಾಗಿ ಹಿಟ್ಟಿನ ಮೂಟೆ ಒಡೆದ ಹಾಗೆ ಮೋಡ ಏಳುತ್ತೆ. ನಿಮ್ಮ ಫೋಟೋ ಹಾಳು, ಹಿಂದಿನವರದ್ದೂ ಹಾಳು. ನಾನು ನೇತ್ರಾಣಿಯಲ್ಲಿ ಕಲಿತವನು, ಅಲ್ಲಿ ಬಂಡೆಗಳು, ಇದರ ಅಭ್ಯಾಸ ಇರಲಿಲ್ಲ. ಬೆಂಗಳೂರಿನಲ್ಲಿ ಡೈವಿಂಗ್ ಕಲಿಸುವವರ ಈಜುಕೊಳದಲ್ಲಿ ನಾಲ್ಕು ಭಾನುವಾರ ಸಿಲಿಂಡರ್ ಕಟ್ಟಿಕೊಂಡು, ತಳದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು, ನೆಲ ಮುಟ್ಟದೆ ಅದರ ಮೇಲೆ ತೇಲುತ್ತಾ ಫೋಟೋ ತೆಗೆಯೋದನ್ನು ರೂಢಿ ಮಾಡಿಕೊಂಡೆ. ಅಲ್ಲಿನ ಮಕ್ಕಳು ನನ್ನನ್ನು ನೋಡಿ ನಕ್ಕಿದ್ದು ಬೇರೆ ವಿಷಯ. ಕಪ್ಪೆಯ ಹಾಗೆ ಕಾಲು ಒದೆಯೋದನ್ನೂ ಅಲ್ಲೇ ಕಲಿತೆ.

ಗೈಡಿನ ನಿಯಮಗಳು ಬಿಗಿ, ಅದು ಸರಿ. ಗ್ಲೌಸ್ ಹಾಕುವಂತಿಲ್ಲ, ಪ್ರಾಣಿ ಮುಟ್ಟುವಂತಿಲ್ಲ, ಪಿಗ್ಮಿ ಕಡಲ್ಗುದುರೆಗೆ ಒಬ್ಬರಿಗೆ ಐದೇ ಫೋಟೋ. ಆ ಪುಟ್ಟ ಜೀವಕ್ಕೆ ಕಣ್ಣು ಮುಚ್ಚೋಕೆ ರೆಪ್ಪೆಯೂ ಇಲ್ಲ. 2019ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಇಂಥ ಮೀನುಗಳಿಗೆ ಫ್ಲ್ಯಾಶಿಗಿಂತ ಹೆಚ್ಚು ತೊಂದರೆ ಕೊಡೋದು ಡೈವರ್‌ಗಳು ಮುಟ್ಟಿ, ಸರಿಸಿ ಪೋಸ್ ಕೊಡಿಸೋದು. ಬೇರೊಂದು ದೋಣಿಯವರು ಕಡ್ಡಿಯಿಂದ ಫ್ರಾಗ್‌ಫಿಶ್ ತಿವಿಯೋದನ್ನು ನೋಡಿದೆ. ಅಂಥ ಗೈಡ್ ಸಿಕ್ಕರೆ ಟಿಪ್ಸ್ ಕೊಡಬೇಡಿ, ಯಾಕೆ ಅಂತಾನೂ ಹೇಳಿ.

ಪ್ರಯಾಣ ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಮನಾಡೊ, ಅಲ್ಲಿಂದ ಕಾರಿನಲ್ಲಿ ಬಿಟುಂಗ್. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ತಗೊಂಡರೆ ಸಿಂಗಪುರದಲ್ಲಿ ಲಗೇಜ್ ಬಿಡಿಸಿಕೊಳ್ಳೋಕೆ ಹೊರಗೆ ಹೋಗಬೇಕಾಗಬಹುದು, ಆಗ ಅಲ್ಲಿನ ವೀಸಾ ಪ್ರಶ್ನೆ ಬರುತ್ತೆ. ಇಂಡೋನೇಷ್ಯಾಕ್ಕೆ 30 ದಿನದ ವೀಸಾ ಆನ್‌ಲೈನಲ್ಲೇ ಆಗುತ್ತೆ, ಅಲ್ಲಿನ ದುಡ್ಡಿನಲ್ಲಿ 5 ಲಕ್ಷ ರುಪಿಯಾ, ಗಾಬರಿಯಾಗಬೇಡಿ, ನಮ್ಮ ದುಡ್ಡಿನಲ್ಲಿ ಮೂರು ಸಾವಿರದ ಹತ್ತಿರ. ಲಿಥಿಯಂ ಬ್ಯಾಟರಿಗಳೆಲ್ಲ ಕೈ ಚೀಲದಲ್ಲಿ. ಡೈವಿಂಗ್ ವಿಮೆ ಮಾಡಿಸಿ, ಸಾಮಾನ್ಯ ಪ್ರವಾಸ ವಿಮೆ ಸ್ಕೂಬಾ ಅಂದ ಕೂಡಲೇ ಕೈ ಎತ್ತಬಹುದು. ನನಗೆ ಒಟ್ಟು 2.2 ಲಕ್ಷ ಆಯಿತು: ವಿಮಾನ 52 ಸಾವಿರ, ರೆಸಾರ್ಟು ಡೈವ್ ಊಟ ಸೇರಿ 1.35 ಲಕ್ಷ, ಉಳಿದದ್ದು ನೈಟ್ರಾಕ್ಸ್, ಟಿಪ್ಸ್, ವಿಮೆ, ಚಿಲ್ಲರೆ ಪಲ್ಲರೆ.

ಇಷ್ಟು ದೂರ ಬೇಡ ಅನ್ನೋರಿಗೆ ಬಾಲಿಯ ತುಲಾಂಬೆನ್ ಇದೆ. ಅಲ್ಲೂ ಕಪ್ಪು ಮರಳು, ಜೊತೆಗೆ 1942ರಲ್ಲಿ ಟಾರ್ಪಿಡೊ ಬಿದ್ದು, 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ದಡದಿಂದ ಕಡಲಿಗೆ ಜಾರಿದ ಲಿಬರ್ಟಿ ಹಡಗು. ಕ್ಯಾಮೆರಾ ಇಲ್ಲದ ಜೊತೆಗಾರರಿಗೆ ಅದೇ ವಾಸಿ. ಲೆಂಬೆಯಲ್ಲಿ ಅವರಿಗೆ ಮಾಡೋಕೆ ಕೆಲಸ ಇಲ್ಲ, ನಾನು ಭಾವನನ್ನು ನೋಡಿದೆನಲ್ಲ. ವಿಮಾನ ಹತ್ತುವ ಮುಂಚೆ ಡೈವ್ ಮಾಡದೆ ಕಳೆಯಬೇಕಾದ ಹೊತ್ತಿನಲ್ಲಿ ಹತ್ತಿರದ ತಂಕೊಕೊ ಕಾಡಿಗೆ ಹೋಗಿ ಅಂಗೈಯಷ್ಟೇ ಇರುವ, ದೊಡ್ಡ ಕಣ್ಣಿನ ಟಾರ್ಸಿಯರ್ ಅನ್ನೋ ಪ್ರಾಣಿ, ಕರಿ ಮಂಗಗಳನ್ನು ನೋಡಿದ್ದೇ ಅವರಿಗೆ ಪ್ರವಾಸದ ಹೈಲೈಟ್ ಅಂದುಕೊಂಡಿದ್ದೆ.

ಆದರೆ ಐದನೇ ದಿನ ಒಂದು ಘಟನೆ ನಡೆದಿತ್ತು. ನಾನೂ ಗೈಡೂ ಒಂದು ಸೀಗಡಿ ಮುಂದೆ ಕೂತಿದ್ದಾಗ ಭಾವ ಹಿಂದಿನಿಂದ ಫಿನ್ ಎಳೆದರು. ಟಾರ್ಚು ಬಿಟ್ಟ ಕಡೆ, ಒಡೆದ ಬಾಟಲಿಯ ಕುತ್ತಿಗೆಯೊಳಗೆ, ಮೊಟ್ಟೆ ಕಾಯುತ್ತಾ ಕೂತ ಒಂದು ಪುಟ್ಟ ಗೋಬಿ ಮೀನು. ಗೈಡ್ ಭಾವನಿಗೆ ಕೈ ಮುಗಿದ. ಊರಿಗೆ ಬಂದ ಮೇಲೆ ಅವರು ನನ್ನ ಹಳೇ ಹೌಸಿಂಗ್ ಎಷ್ಟಕ್ಕೆ ಕೊಡ್ತೀಯಾ ಅಂತ ಎರಡು ಸಲ ಕೇಳಿದ್ದಾರೆ. ಮುಂದಿನ ಆಗಸ್ಟಿಗೆ ಅದೇ ರೆಸಾರ್ಟಿಗೆ ಬರೆದಿದ್ದೇವೆ, ಅದೇ ಗೈಡ್ ಬೇಕು, ಒಬ್ಬರಿಗೆ ಒಬ್ಬನಾದರೆ ಎಷ್ಟಾಗುತ್ತೆ, ನೈಟ್ರಾಕ್ಸ್ ಸೇರಿಸಿ ಹೇಳಿ ಅಂತ.